ಬಳ್ಳಾರಿಯ ಹದಿಮೂರು ನಿಮಿಷ

1897ರ ಅಕ್ಟೋಬರ್ 12, ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಐದು ನಿಮಿಷಕ್ಕೆ ಮೊಳಕಾಲ್ಮೂರು ಚೌಡಪ್ಪ ತನ್ನ ಆರು ವರ್ಷದ ಮಗಳು ಸಾವಂತ್ರಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಬಳ್ಳಾರಿಯ ಹತ್ತಿ ಪ್ರೆಸ್ಸೊಂದರ ಅಂಗಳದಿಂದ ಬಲೂನಿನಲ್ಲಿ ಮೇಲೇರಿದ. ಇದು ಕೋಟೆಯ ತೋಪಿನ ಲೆಕ್ಕದ ಹೊತ್ತು. ರೈಲು ನಿಲ್ದಾಣದ ಗಡಿಯಾರದಲ್ಲಿ ಆಗ ಏಳು ಗಂಟೆ ಹದಿನೆಂಟು ನಿಮಿಷವಾಗಿತ್ತು.

ಆ ಕಾಲಕ್ಕೆ ಊರಿಗೆ ಎರಡು ಹೊತ್ತುಗಳಿದ್ದವು. ಸೂರ್ಯ ನೆತ್ತಿಗೆ ಬಂದಾಗ ಕೋಟೆಯಲ್ಲಿ ತೋಪು ಹಾರಿಸುತ್ತಿದ್ದರು. ಅದು ಬಳ್ಳಾರಿಯ ಹನ್ನೆರಡು. ರೈಲುಗಳು ಮದ್ರಾಸಿನ ಹೊತ್ತಿಗೆ ಓಡುತ್ತಿದ್ದವು. ಮದ್ರಾಸು ಪೂರ್ವಕ್ಕಿರುವುದರಿಂದ ಅಲ್ಲಿ ಹನ್ನೆರಡು ಹೊಡೆಯುವುದು ಬಳ್ಳಾರಿಗಿಂತ ಹದಿಮೂರು ನಿಮಿಷ ಮೊದಲು. ಇದರಿಂದ ಯಾರಿಗೂ ತೊಂದರೆ ಇರಲಿಲ್ಲ. ಎಂಟಕ್ಕೆ ಬಾ ಎಂದರೆ ತೋಪಿನ ಎಂಟೋ ರೈಲಿನ ಎಂಟೋ ಎಂದು ಕೇಳಿಕೊಂಡು ಬರುವುದು ರೂಢಿ.

ಸಾವಂತ್ರಿಗೆ ಡಿಫ್ತೀರಿಯಾ ಆಗಿತ್ತು. ಊರಿನವರ ಮಾತಿನಲ್ಲಿ ಗಂಟಲಮಾರಿ. ಸೋಮವಾರ ಸಂಜೆ ಆಸ್ಪತ್ರೆಯ ಡಾಕ್ಟರ್ ದೊರೆಸ್ವಾಮಿ ಚಮಚದಿಂದ ನಾಲಗೆ ಒತ್ತಿ ನೋಡಿದರು. ಗಂಟಲಿನ ತುಂಬ ಬಿಳಿಯ ಪೊರೆ ಹರಡಿತ್ತು. ಅದಕ್ಕೊಂದು ಹೊಸ ಸೂಜಿಮದ್ದು ಬಂದಿದೆ, ಬೊಂಬಾಯಿಗೆ ತಂತಿ ಕೊಟ್ಟಿದ್ದೇನೆ, ಶನಿವಾರ ಬೆಳಿಗ್ಗೆಯ ರೈಲಿಗೆ ಬರುತ್ತದೆ ಎಂದರು. ಮಗು ಎಷ್ಟು ಹೊತ್ತು ತಡೆಯುತ್ತದೆ ಎಂದು ಚೌಡಪ್ಪ ಕೇಳಿದ. “ಇಪ್ಪತ್ತನಾಲ್ಕು ಗಂಟೆ ತಡೆದರೆ ದೊಡ್ಡದು,” ಎಂದರು ಡಾಕ್ಟರು.

ಚೌಡಪ್ಪ ಮನೆಯೊಳಗೆ ಬಂದು ಹೆಂಡತಿ ಬನಶಂಕರಿಗೆ ತನ್ನ ಯೋಚನೆ ಹೇಳಿದ.

“ಉಸಿರಾಡಾಕ ಆಗದ ಕೂಸಿನ್ನ ಮುಗಿಲಿಗೆ ಒಯ್ತೀನಿ ಅಂತೀರಲ್ಲ, ನಿಮ್ಮ ತಲಿ ನೆಟ್ಟಗೈತೇನ್ರಿ?” ಎಂದಳು ಆಕೆ.

“ಇಲ್ಲೇ ಇಟ್ಕೊಂಡ್ರ ನಾಳಿಗೆ ಏನಾಗತೈತಿ ಅಂತ ಡಾಕ್ಟ್ರು ಹೇಳ್ಯಾರ. ಅಲ್ಲಿ ನಾಳಿ ಬರಾದು ಸಾವಕಾಶ ಐತಿ.”

ಮಗುವಿನ ಉಸಿರು ಗರಗಸದಂತೆ ಕೇಳುತ್ತಿತ್ತು. ಬನಶಂಕರಿ ಎದ್ದು ಕಂಬಳಿ ಮಡಿಸಿ ಕೊಟ್ಟಳು.

ಬೆಳಿಗ್ಗೆ ಬುಟ್ಟಿ ನೆಲ ಬಿಡುವಾಗ ಪಕ್ಕದ ಮನೆಯ ಗಂಗಿ ಗೋಡೆಯ ಆಚೆಯಿಂದ ಕೂಗಿದಳು. ಅವಳಿಗೂ ಆರು ವರ್ಷ. “ಸಾವಂತ್ರೀ, ನನ್ನ ಗೊಂಬಿ ಸಂಜಿಕ ವಾಪಸ್ ಕೊಡಬೇಕು ನೋಡು!” ಸಾವಂತ್ರಿ ಬಟ್ಟೆಯ ಗೊಂಬೆಯನ್ನು ಕಂಬಳಿಯೊಳಗೆ ಎಳೆದುಕೊಂಡಳು.

ಚೌಡಪ್ಪ ನೇಕಾರರ ಮನೆಯವನು. ಹದಿನೇಳನೆಯ ವಯಸ್ಸಿನಲ್ಲಿ ಬೆಂಗಳೂರು ದಂಡಿನ ಮೈದಾನದಲ್ಲಿ ಒಬ್ಬ ಯುರೋಪಿಯನ್ ಪ್ರದರ್ಶನಕಾರ ಬಲೂನು ಏರಿಸಿದ್ದನ್ನು ನೋಡಿದ. ಎಲ್ಲರೂ ಮನುಷ್ಯನನ್ನು ನೋಡುತ್ತಿದ್ದರೆ ಈತ ಬಟ್ಟೆಯನ್ನು ನೋಡಿದ. ಹೊಲಿಗೆಯ ಬಳಿ ಗಾಳಿ ಸೋರುತ್ತಿತ್ತು. ಊರಿಗೆ ಬಂದು ಮಗ್ಗದ ಮೇಲೆ ದಟ್ಟವಾಗಿ ರೇಷ್ಮೆ ನೇಯ್ದ. ಅಗಸೆ ಎಣ್ಣೆ ಕುದಿಸಿ, ಅಂಟು ಸೇರಿಸಿ ಬಳಿದ. ಮೊದಲ ಆರು ಬಲೂನುಗಳಲ್ಲಿ ಮೂರು ಸುಟ್ಟವು, ಎರಡು ಹರಿದವು, ಒಂದು ಸಿರುಗುಪ್ಪದ ಕಡೆ ಹೋಗಿ ಮತ್ತೆ ಸಿಗಲಿಲ್ಲ. ಏಳನೆಯದು 1894ರ ಫೆಬ್ರವರಿಯಲ್ಲಿ ಆತನನ್ನು ಹೊತ್ತು ಮುನ್ನೂರು ಅಡಿ ಏರಿತು. ಈಗಿನದು ಒಂಬತ್ತನೆಯದು. ಅಡ್ಡಳತೆ ಇಪ್ಪತ್ತೈದು ಅಡಿ. ಕಬ್ಬಿಣದ ಚೂರಿನ ಮೇಲೆ ಗಂಧಕಾಮ್ಲ ಸುರಿದು ಹುಟ್ಟಿಸಿದ ಜಲಜನಕ ಅದರೊಳಗೆ. ಅದು ಬಿಡುಗಡೆಯಾಗಿ ಹಾರುವ ಬಲೂನಲ್ಲ. ಹಗ್ಗದ ತುದಿಯಲ್ಲಿ ಏರಿ, ಹಗ್ಗದಿಂದಲೇ ಇಳಿಯುವಂಥದ್ದು. ಹಗ್ಗಕ್ಕೆ ನೂರು ಅಡಿಗೊಂದು ಬಣ್ಣದ ರೇಷ್ಮೆ ಸುತ್ತಿದ ಗುರುತು.

ಹಗ್ಗ ಸುತ್ತುವ ರಾಟೆ ಪ್ರೆಸ್ಸಿನದು, ಅದನ್ನು ನಡೆಸುವವನು ಖಾಸೀಂಸಾಬ. ವಿಚಿತ್ರವನ್ನು ಮೊದಲು ಕಂಡವನೂ ಆತನೇ. ಆ 1897ರ ಏಪ್ರಿಲ್‌ನಲ್ಲಿ ಹದಿನಾಲ್ಕನೆಯ ಗುರುತು ದಾಟಿ ಇಳಿದ ಚೌಡಪ್ಪ ಸಿಟ್ಟಿನಿಂದ ಬುಟ್ಟಿಯಿಂದ ಹಾರಿದ.

“ಖಾಸೀಮಣ್ಣ, ಎತ್ತು ಎಳದಂಗ ಎಳೀತೀಯಲ್ಲ, ನನ್ನ ಹಲ್ಲು ಉದುರತಾವ!”

“ನಾನು ಎಂದಿನಂಗ ಎಳದೀನಪಾ. ನೀನ ಮ್ಯಾಲೆ ಏನ್ ಮಾಡ್ತಿದ್ದಿ? ಬಾವುಟ ಬೀಸು ಅಂದ್ರ ನೀರಾಗ ಬಿದ್ದ ಎಮ್ಮಿ ಕಿವಿ ಆಡಿಸಿದಂಗ ಬೀಸ್ತಿದ್ದಿ.”

ಅಂದು ಚೌಡಪ್ಪನ ಕಿಸೆಯ ಗಡಿಯಾರ ಎರಡು ನಿಮಿಷ ಹಿಂದಿತ್ತು. ಮುಂದಿನ ಸಲವೂ ಹಿಂದೆ ಬಿತ್ತು. ರಿಪೇರಿಯವನ ಹತ್ತಿರ ಮೂರು ಸಲ ಒಯ್ದ. ರಿಪೇರಿಯವನು ಬಿಚ್ಚಿಯೂ ನೋಡದೆ, “ತೋಪು ಕೇಳಿ ಇಟ್ಟೀರೊ, ರೈಲು ನೋಡಿ ಇಟ್ಟೀರೊ?” ಎಂದ. ಊರಿನಲ್ಲಿ ಗಡಿಯಾರ ತಪ್ಪಿದರೆ ಎಲ್ಲರಿಗೂ ಮೊದಲು ಹೊಳೆಯುತ್ತಿದ್ದುದು ಅದೇ. ಅಂದಿನಿಂದ ಚೌಡಪ್ಪ ಒಂದು ನಿಯಮ ಮಾಡಿದ: ಕಿಸೆಯ ಗಡಿಯಾರವೂ ಮನೆಯ ಗೋಡೆ ಗಡಿಯಾರವೂ ತೋಪಿನ ಹೊತ್ತಿಗೇ ಇರಬೇಕು. ಗೋಡೆ ಗಡಿಯಾರಕ್ಕೆ ಎಂಟು ದಿನಕ್ಕೊಮ್ಮೆ ಕೀಲಿ ಕೊಡುವುದು ಬನಶಂಕರಿಯ ಕೆಲಸ.

ಬಳ್ಳಾರಿಯ ಮೇಲೆ ಸಾವಿರದ ನಾಲ್ಕುನೂರು ಅಡಿಯಿಂದ ಆಚೆಗೆ ಒಂದು ಪದರವಿದೆ, ಅಲ್ಲಿ ಹೊತ್ತು ನಿಧಾನವಾಗಿ ಸರಿಯುತ್ತದೆ, ಏರಿದಷ್ಟೂ ನಿಧಾನ ಎಂದು ಜೂನ್ ಹೊತ್ತಿಗೆ ಆತನಿಗೆ ಖಚಿತವಾಯಿತು. ಯಾಕೆ ಎಂದು ಗೊತ್ತಿರಲಿಲ್ಲ. ಅದಕ್ಕೆ ಸಾವಕಾಶ ಎಂದು ಹೆಸರಿಟ್ಟ. ನಿಖರವಾಗಿ ಅಳೆದದ್ದು ಎರಡು ಸಲ. ಹದಿನೈದನೆಯ ಗುರುತಿನಲ್ಲಿ ಒಂದು ಗಂಟೆ ಕಳೆದು ಇಳಿದಾಗ ಸರಿಯಾಗಿ ತೋಪು ಹಾರಿತು. ಕಿಸೆಯ ಗಡಿಯಾರ ಆರು ನಿಮಿಷ ಹಿಂದಿತ್ತು. ಆಗಸ್ಟಿನಲ್ಲಿ ಹದಿನಾರನೆಯ ಗುರುತಿನಿಂದ ಇಳಿದದ್ದು ಸಂಜೆ. ತೋಪಿಲ್ಲ. ಮನೆ ಅಂಗಳಕ್ಕೆ ಅಂಟಿಕೊಂಡೇ ಇತ್ತು. “ಗಡಿಯಾರದಾಗ ಎಷ್ಟಾತ?” ಎಂದು ಕೂಗಿದ, ಬನಶಂಕರಿ ನೋಡಿ ಹೇಳಿದಳು. ಅಲ್ಲೂ ಒಂದು ಗಂಟೆಗೆ ಕಿಸೆಯ ಗಡಿಯಾರ ಇಪ್ಪತ್ತೈದು ನಿಮಿಷ ಹಿಂದಿತ್ತು.

ಆರು, ಇಪ್ಪತ್ತೈದು. ಗುರುತಿಗೆ ನಾಲ್ಕು ಪಟ್ಟು. ಹಗ್ಗ ಅಷ್ಟೇ ಇದ್ದುದರಿಂದ ಮುಂದೆ ಅಳೆಯಲಾಗಲಿಲ್ಲ. ಸೆಪ್ಟೆಂಬರಿನಲ್ಲಿ ಎರಡು ಸಾವಿರದ ನಾಲ್ಕುನೂರು ಅಡಿ ಉದ್ದದ ಹೊಸ ಉಕ್ಕಿನ ಹಗ್ಗ ಬಂತು. ಅದನ್ನು ಪರೀಕ್ಷಿಸುವ ಮೊದಲೇ ಮಗು ಕಾಯಿಲೆಯಿಂದ ಮಲಗಿತು. ಲೆಕ್ಕದ ಪ್ರಕಾರ ಹತ್ತೊಂಬತ್ತನೆಯ ಗುರುತಿನಲ್ಲಿ ಮೇಲಿನ ಒಂದು ಗಂಟೆ ಎಂದರೆ ಕೆಳಗಿನ ಇಪ್ಪತ್ತೆಂಟು. ಶನಿವಾರದವರೆಗಿನ ನಾಲ್ಕು ದಿನ ಮಗುವಿಗೆ ಮೂರೂವರೆ ಗಂಟೆಯಾಗುತ್ತದೆ. ಹತ್ತೊಂಬತ್ತಕ್ಕೆ ನಿಲ್ಲಿಸು ಎಂದು ಖಾಸೀಂಸಾಬನಿಗೆ ಹೇಳಿ ಚೌಡಪ್ಪ ಏರಿದ್ದ.

ಮಂಗಳವಾರ ಮಧ್ಯಾಹ್ನ ಬನಶಂಕರಿ ಒಲೆ ಹಚ್ಚದೆ ಪಡಸಾಲೆಯಲ್ಲಿ ಕೂತಿದ್ದಳು. ಕೋಟೆಯ ತೋಪು ಹಾರಿತು. ಸುಮ್ಮನೆ ತಲೆಯೆತ್ತಿ ಗೋಡೆ ನೋಡಿದಳು. ಹನ್ನೆರಡು ಗಂಟೆ ಹದಿಮೂರು ನಿಮಿಷ.

ಆಗ ನೆನಪಾಯಿತು. ಆಗಸ್ಟಿನ ಮೊದಲ ವಾರ ಕೀಲಿ ಕೊಡಲು ಮರೆತು ಗಡಿಯಾರ ನಿಂತಿತ್ತು. ಗಂಡ ಬೈದಾನೆಂದು, ಆತ ಮನೆಗೆ ಬರುವುದರೊಳಗೆ ಬೆಳಗಿನ ಮೇಲ್ ರೈಲಿನ ಸೀಟಿ ಕೇಳಿ ಆರೂ ಹತ್ತಕ್ಕೆ ಮುಳ್ಳು ಇಟ್ಟಿದ್ದಳು. ಮಧ್ಯಾಹ್ನ ತೋಪು ಕೇಳಿ ಸರಿಮಾಡಿದರಾಯಿತು ಎಂದುಕೊಂಡಿದ್ದಳು. ಮಾಡಿರಲಿಲ್ಲ. ಗಂಡನಿಗೆ ಆಕೆ ಕೂಗಿ ಹೇಳಿದ್ದು ರೈಲಿನ ಹೊತ್ತು.

ಬನಶಂಕರಿಗೆ ಮಗ್ಗದ ಹಾಸಿನ ಎಳೆ ಎಣಿಸುವ ಅಭ್ಯಾಸವಿತ್ತು. ಇಪ್ಪತ್ತೈದರಲ್ಲಿ ಹದಿಮೂರು ತೆಗೆದಳು. ಹನ್ನೆರಡು. ಗುರುತಿಗೆ ನಾಲ್ಕು ಪಟ್ಟಲ್ಲ, ಎರಡೇ ಪಟ್ಟು. ಆರು, ಹನ್ನೆರಡು, ಇಪ್ಪತ್ತನಾಲ್ಕು, ನಲವತ್ತೆಂಟು, ತೊಂಬತ್ತಾರು ನಿಮಿಷ. ಹತ್ತೊಂಬತ್ತನೆಯ ಗುರುತಿನಲ್ಲಿ ಮೇಲಿನ ಒಂದು ಗಂಟೆಗೆ ಕೆಳಗಿನ ಎರಡೂವರೆ ಚಿಲ್ಲರೆ, ಅಷ್ಟೇ. ಶನಿವಾರದ ಹೊತ್ತಿಗೆ ಮಗುವಿಗೆ ಮೂವತ್ತೇಳು ಗಂಟೆ ಕಳೆದಿರುತ್ತದೆ. ಇನ್ನೂ ನಾಲ್ಕು ಗುರುತು ಏರಿದರೆ ಮಾತ್ರ ಗಂಡ ಹಾಕಿದ್ದ ಲೆಕ್ಕದ ಹತ್ತಿರ ಬರುತ್ತದೆ.

ಬರಿಗಾಲಲ್ಲಿ ಅಂಗಳಕ್ಕೆ ಓಡಿದಳು.

“ಖಾಸೀಮಣ್ಣ, ಇನ್ನೂ ನಾಕು ಗುರುತು ಮ್ಯಾಲೆ ಬಿಡು.”

“ಹತ್ತೊಂಬತ್ತಕ್ಕ ನಿಲ್ಲಸು ಅಂದಾರ, ತಂಗೀ.”

“ಲೆಕ್ಕ ತಪ್ಪೈತಿ. ತಪ್ಪು ನಂದು.” ಗಡಿಯಾರದ ಕಥೆ ಹೇಳಿದಳು.

ಖಾಸೀಂಸಾಬ ಮುಂಡಾಸು ತೆಗೆದು ತಲೆ ಕೆರೆದುಕೊಂಡ. “ಇಳಿಸಿ, ಕೇಳಿ, ಮತ್ತ ಏರಸೋಣೇನು?”

“ಏರಸಾಕ ಆಸಿಡ್ ಎಲ್ಲೈತಿ?”

ಆಸಿಡ್ ಮುಗಿದಿತ್ತು. ಮಧ್ಯಾಹ್ನದ ಗಾಳಿಗೆ ನೆಲದ ಹತ್ತಿರ ಬಲೂನು ಹರಿದುಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಖಾಸೀಂಸಾಬ ಬ್ರೇಕು ಸಡಿಲಿಸಿದ. ಉಕ್ಕಿನ ಹಗ್ಗ ಮೊದಲು ಸರಸರ ಹೋಯಿತು, ಆಮೇಲೆ ಇಂಚಿಂಚಾಗಿ ಹೋಯಿತು. ಇಪ್ಪತ್ತಮೂರನೆಯ ಗುರುತು ರಾಟೆ ಬಿಡುವಾಗ ಬುಧವಾರ ಬೆಳಗಾಗಿತ್ತು.

ಎರಡು ಪಟ್ಟಿನ ಲೆಕ್ಕವೂ ಹದಿನಾರನೆಯ ಗುರುತಿನವರೆಗೆ ಮಾತ್ರ ಅಳೆದದ್ದು. ಇಪ್ಪತ್ತರಿಂದಾಚೆ ಏನಿದೆ ಎಂದು ಯಾರೂ ನೋಡಿರಲಿಲ್ಲ. ಬುಧವಾರ ದುರ್ಬೀನಿನಲ್ಲಿ ನೋಡಿದಾಗ ಚೌಡಪ್ಪನ ಕೈಯಲ್ಲಿದ್ದ ಬಾವುಟ ಬೀಸುವ ನಡುವೆ ನಿಂತಿತ್ತು. ಗುರುವಾರ ಅದು ಒಂದು ಗೇಣಿನಷ್ಟು ಸರಿದಿತ್ತು. ಸಾವಂತ್ರಿ ಬುಟ್ಟಿಯ ಅಂಚಿಗೆ ಗಲ್ಲ ಊರಿ ಕೆಳಗೆ ನೋಡುತ್ತಿದ್ದಳು. ಎಲ್ಲವೂ ತಾಮ್ರದ ಬಣ್ಣಕ್ಕೆ ಮಂಕಾಗಿ, ಬಿಸಿಲು ನೇರ ಬಿದ್ದಾಗ ಮಾತ್ರ ಕಾಣುತ್ತಿತ್ತು. ಡಾಕ್ಟರ್ ದೊರೆಸ್ವಾಮಿ ಗಡಿಯಾರ ಹಿಡಿದು ನೋಡಿದರು. ಮಗು ಒಮ್ಮೆ ರೆಪ್ಪೆ ಮುಚ್ಚಿ ತೆರೆಯಲು ಆರು ಗಂಟೆ ಬೇಕಾಯಿತು.

ಶನಿವಾರ ಬೆಳಿಗ್ಗೆ ಔಷಧ ಬಂತು. ಖಾಸೀಂಸಾಬ ಉಗಿ ಬಿಟ್ಟು ರಾಟೆ ತಿರುಗಿಸಿದ. ಒಂದು ಮೊಳವೂ ಬಂದಿರಲಿಲ್ಲ, ಹಗ್ಗ ಕಿರುಚಿ ಅದರ ಒಂದು ಎಳೆ ಹರಿಯಿತು.

“ನಿಲ್ಲಿಸಪ್ಪಾ, ನಿಲ್ಲಿಸು!” ಡಾಕ್ಟರು ಕೂಗಿದರು. “ನಮಗೆ ಅದು ಒಂದು ಅಡಿ. ಅವರಿಗೆ ತೋಪಿನ ಗುಂಡು ಹಾರಿದಷ್ಟು ಜೋರು.”

“ಹಂಗಾರ ಎಷ್ಟು ಸಾವಕಾಶ ಎಳೀಬೇಕ್ರಿ?”

ಡಾಕ್ಟರು ಲೆಕ್ಕ ಹಾಕಿ ಹೇಳಲು ಹಿಂಜರಿದರು. ದಿನಕ್ಕೆ ಒಂದೂವರೆ ಇಂಚು.

“ಅಷ್ಟು ಸಾವಕಾಶ ಈ ಯಂತ್ರಕ್ಕ ಬರಂಗಿಲ್ಲ,” ಎಂದ ಖಾಸೀಂಸಾಬ.

“ನನ್ನ ಮಗ್ಗಕ್ಕ ಬರತೈತಿ,” ಎಂದಳು ಬನಶಂಕರಿ. ನೇಯ್ದ ಬಟ್ಟೆ ಸುತ್ತಿಕೊಳ್ಳುವ ದಿಂಡಿಗೆ ಹಲ್ಲಿನ ಗಾಲಿ ಇರುತ್ತದೆ. ಒಂದೊಂದೇ ಹಲ್ಲು ಮುಂದೆ ಹೋಗಬೇಕು, ಹಿಂದೆ ಜಾರಬಾರದು. ಆ ಗಾಲಿಯನ್ನು ಬಿಚ್ಚಿ ಪ್ರೆಸ್ಸಿನ ದೊಡ್ಡ ಗಾಲಿಗೆ ಕೂಡಿಸಿದರು. ಒಂದು ಹಲ್ಲಿಗೆ ಒಂದೂವರೆ ಇಂಚು ಹಗ್ಗ. ಪ್ರತಿದಿನ ಮಧ್ಯಾಹ್ನ ತೋಪು ಹಾರಿದಾಗ ಆಕೆ ಒಂದು ಹಲ್ಲು ತಿರುಗಿಸಿದಳು. ಮನೆಯ ಗೋಡೆ ಗಡಿಯಾರವನ್ನು ಆಮೇಲೆ ಯಾರೂ ನೋಡಲಿಲ್ಲ.

ಊರು ಮೊದಲ ತಿಂಗಳು ಅಂಗಳದಲ್ಲೇ ನೆರೆಯಿತು. ಮೂರನೆಯ ತಿಂಗಳಿಗೆ ಬರುವುದು ನಿಂತಿತು. ಹತ್ತಿ ಗಾಡಿಯವರು ದೂರದಿಂದ ಬಲೂನು ನೋಡಿ ಪ್ರೆಸ್ಸಿನ ದಾರಿ ಗುರುತಿಸತೊಡಗಿದರು. ಪ್ಲೇಗ್ ಬಂದು ಜನ ಊರ ಹೊರಗೆ ಗುಡಿಸಲು ಹಾಕಿಕೊಂಡಾಗಲೂ ಬನಶಂಕರಿ, ಖಾಸೀಂಸಾಬ ಅಂಗಳ ಬಿಡಲಿಲ್ಲ. ಪ್ರತಿ ಚಳಿಗಾಲ ಒಂದು ಚಿಕ್ಕ ಬಲೂನು ಎಣ್ಣೆಬಟ್ಟೆ ಸುತ್ತಿದ ಉಂಗುರವನ್ನು ಹಗ್ಗದ ಗುಂಟ ಒಯ್ಯುತ್ತಿತ್ತು, ತುಕ್ಕು ಹಿಡಿಯದಿರಲೆಂದು. ಪ್ರತಿ ವರ್ಷ ಡಾಕ್ಟರು ಹಳೆಯ ಔಷಧ ಚೆಲ್ಲಿ ಹೊಸ ಬಾಟಲಿ ತರಿಸುತ್ತಿದ್ದರು.

1899ರಲ್ಲಿ ಮೊಳಕಾಲ್ಮೂರಿನಿಂದ ಕುಲದ ಹಿರಿಯರು ನಾಲ್ವರು ಬಂದರು. ಬನಶಂಕರಿ ಮುತ್ತೈದೆಯೋ ಅಲ್ಲವೋ ಎಂಬುದು ತೀರ್ಮಾನವಾಗಬೇಕಿತ್ತು. ಮದುವೆಗಳಿಗೆ ಆಕೆಯನ್ನು ಕರೆಯುವುದೋ ಬೇಡವೋ ತಿಳಿಯದೆ ನೆಂಟರು ಗೊಂದಲಕ್ಕೆ ಬಿದ್ದಿದ್ದರು.

“ಎರಡು ವರ್ಷ ಆತವ್ವಾ. ಅನ್ನ ನೀರು ಇಲ್ಲದ ಮನಷಾ ಹೆಂಗ ಇರತಾನ?” ಎಂದರು ಹಿರಿಯರು.

“ಅವರು ಬೆಳಿಗ್ಗೆ ರೊಟ್ಟಿ ತಿಂದು ಹೋಗ್ಯಾರ್ರಿ,” ಎಂದಳು ಬನಶಂಕರಿ. “ದುರ್ಬೀನು ಐತಿ, ನೋಡ್ರಿ.”

ಹಿರಿಯರು ನೋಡಿದರು. “ಕಣ್ಣು ಮುಚ್ಚೈತಲ್ಲ!”

“ರೆಪ್ಪಿ ಮಿಟುಕಸಾಕ ಹತ್ಯಾರ. ಕೂಡ್ರಿ, ತೆರೀತಾರ.”

ನಾಲ್ವರೂ ಎಲೆ ಅಡಿಕೆ ಹಾಕಿಕೊಂಡು ಕೂತರು. ಮೂರು ಗಂಟೆಯ ಮೇಲೆ ಚೌಡಪ್ಪನ ಕಣ್ಣು ತೆರೆದವು. ಹಿರಿಯರು ಒಬ್ಬೊಬ್ಬರಾಗಿ ನೋಡಿ ಸಂಜೆಯ ರೈಲಿಗೆ ಹೋದರು. ತೀರ್ಮಾನ ಬರಲಿಲ್ಲ. ಕೆಲವರು ಮದುವೆಗೆ ಕರೆದರು, ಕೆಲವರು ಕರೆಯಲಿಲ್ಲ.

ಮೇಲೆ ಚೌಡಪ್ಪ ಟಿಪ್ಪಣಿ ಬರೆಯುತ್ತಿದ್ದ. ಆ ಪುಸ್ತಕ ಉಳಿದಿದೆ. “ಹತ್ತೊಂಬತ್ತಕ್ಕೆ ನಿಂತೆವು. ಗಾಳಿ ಇಲ್ಲ. ಮಗು ನೀರು ಕುಡಿಯಿತು. ಸೂರ್ಯ ಲೆಕ್ಕದಷ್ಟು ಬೇಗ ಸರಿಯುತ್ತಿಲ್ಲ, ಯಾಕೆ? ಮತ್ತೆ ಹಗ್ಗ ಬಿಡುತ್ತಿದ್ದಾರೆ. ಯಾಕೆ? ಬಾವುಟ ಬೀಸಿದೆ, ಉತ್ತರವಿಲ್ಲ. ಬೆಳಕು ಕತ್ತಲೆ ಬೆಳಕು ಕತ್ತಲೆ. ಕಣ್ಣು ನೋಯುತ್ತದೆ. ಒಂದೊಂದು ದಿನಕ್ಕೆ ಒಂದೊಂದು ಸೆಕೆಂಡು ಎಂದಿಟ್ಟುಕೊಂಡರೆ... ನಾಲ್ಕುನೂರರವರೆಗೆ ಎಣಿಸಿ ಬಿಟ್ಟೆ. ಮಗುವಿನ ಉಸಿರು ಎಣಿಸುತ್ತಿದ್ದೇನೆ. ನಿಮಿಷಕ್ಕೆ ಮೂವತ್ತೆಂಟು.” ಮುಂದಿನ ಪುಟದಲ್ಲಿ ಬರೀ ಅಂಕಿಗಳಿವೆ. ಮೂವತ್ತೆಂಟು, ನಲವತ್ತು, ನಲವತ್ತು, ನಲವತ್ತೆರಡು.

ಬಲೂನು ಇಳಿದಂತೆ ಹೆಚ್ಚು ವೇಗವಾಗಿ ಎಳೆಯಬಹುದಾಯಿತು. ದಿನಕ್ಕೆ ಒಂದು ಹಲ್ಲಿದ್ದದ್ದು ಹತ್ತಾಯಿತು, ನೂರಾಯಿತು. ಕೊನೆಯ ಸಾವಿರದ ಐನೂರು ಅಡಿಯನ್ನು ಖಾಸೀಂಸಾಬ ಉಗಿಯಲ್ಲೇ ಎಳೆದ. ಅಂದು ಬೆಳಿಗ್ಗೆ ಬನಶಂಕರಿ ಪೆಟ್ಟಿಗೆಯಿಂದ ಒಂದು ಹಳೆಯ ಹಸಿರು ಚೌಕಳಿ ಸೀರೆ ತೆಗೆದು ಉಟ್ಟಳು. ಬಲೂನು ಏರಿದ ದಿನ ಉಟ್ಟಿದ್ದ ಸೀರೆ ಅದು, ಮತ್ತೆ ಉಟ್ಟಿರಲಿಲ್ಲ.

1906ರ ಜನವರಿ 15, ಸೋಮವಾರ ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಬುಟ್ಟಿ ನೆಲ ಮುಟ್ಟಿತು. ಕೆಳಗೆ ಮೂರು ಸಾವಿರದ ಹದಿನಾರು ದಿನ ಕಳೆದಿದ್ದವು, ಡಾಕ್ಟರು ಎಣಿಸಿ ಇಟ್ಟಿದ್ದರು. ಚೌಡಪ್ಪನ ಕಿಸೆಯ ಗಡಿಯಾರದಲ್ಲಿ ಏರಿದಾಗಿನಿಂದ ಐದು ಗಂಟೆ ಇಪ್ಪತ್ತು ನಿಮಿಷ ಕಳೆದಿತ್ತು.

“ಔಷಧ ಬಂತೇನು?” ಎಂಬುದು ಆತನ ಮೊದಲ ಮಾತು.

ಡಾಕ್ಟರು ಸೂಜಿ ಸಿದ್ಧಮಾಡಿಕೊಂಡೇ ನಿಂತಿದ್ದರು. ಬನಶಂಕರಿ ಕೈಚಾಚಿದಳು. ಸಾವಂತ್ರಿ ಆಕೆಯ ನರೆತ ಮುಂದಲೆಯನ್ನೂ ಇಳಿದ ಕೆನ್ನೆಯನ್ನೂ ನೋಡಿ ಅಪ್ಪನ ಕಡೆ ಸರಿದಳು. ಆಮೇಲೆ ಸೀರೆ ಕಂಡಿತು. ಸೆರಗು ಹಿಡಿದು ಬಂದಳು. ಡಾಕ್ಟರು ಹೊಟ್ಟೆಯ ಪಕ್ಕದ ಚರ್ಮಕ್ಕೆ ಸೂಜಿ ಚುಚ್ಚಿದರು.

ಚೌಡಪ್ಪ ಖಾಸೀಂಸಾಬನನ್ನು ದಿಟ್ಟಿಸಿದ. “ಗಡ್ಡಕ್ಕೇನಾತೊ ಅಣ್ಣಾ?”

“ನಿನ್ನ ದಾರಿ ಕಾಯ್ತಾ ಸುಣ್ಣ ಬಳಕೊಂಡೀನಿ,” ಎಂದ ಖಾಸೀಂಸಾಬ. ಆಮೇಲೆ ಮುಖ ತಿರುಗಿಸಿ ಬ್ರೇಕು ಬಿಗಿಯಲು ಹೋದ. ಅದು ಬಿಗಿಯಾಗಿಯೇ ಇತ್ತು.

ಮೂವತ್ತೆರಡು ವರ್ಷದ ಚೌಡಪ್ಪ ಮೂವತ್ತೈದು ವರ್ಷದ ಹೆಂಡತಿಯ ಎದುರು ನಿಂತ. ಬೆಳಿಗ್ಗೆ ಬಿಟ್ಟು ಹೋದಾಗ ಆಕೆಗೆ ಇಪ್ಪತ್ತೇಳು.

“ಹತ್ತೊಂಬತ್ತಕ್ಕ ನಿಲ್ಲಸ್ರಿ ಅಂದಿದ್ದೆ. ಯಾಕ ಬಿಟ್ರಿ?”

ಎಂಟು ವರ್ಷ ಆಕೆ ಇದಕ್ಕೆ ಉತ್ತರ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದು ಇಷ್ಟು: “ಕೀಲಿ ಕೊಡಾದು ಮರ್ತಿದ್ದೆ. ರೈಲಿನ ಹೊತ್ತಿಗೆ ಇಟ್ಟಿದ್ದೆ. ನೀವು ಬೈತೀರಿ ಅಂತ ಹೇಳಲಿಲ್ಲ.”

“ಯಾವಾಗ?”

“ನೀವು ಹದಿನಾರಕ್ಕ ಹೋಗಿದ್ರಲ್ಲ, ಆವಾಗ.”

ಚೌಡಪ್ಪ ಟಿಪ್ಪಣಿ ಪುಸ್ತಕ ತೆರೆದ. ಇಪ್ಪತ್ತೈದು ಎಂದಿದ್ದುದನ್ನು ಹೊಡೆದುಹಾಕಿ ಹನ್ನೆರಡು ಎಂದು ಬರೆದ. “ಬಿಡದೇ ಇದ್ದಿದ್ರ ಕೂಸು ಶನಿವಾರ ಮುಟ್ಟುತ್ತಿರಲಿಲ್ಲ,” ಎಂದ.

“ನಾಕು ಗುರುತು ಬಿಟ್ಟಿದ್ದು ಹೆಚ್ಚಾತು.”

“ಹೆಚ್ಚಾತೊ ಕಡಿಮಿ ಆತೊ ನನಗ ತಿಳಿವಲ್ದು.” ಕಿಸೆಯ ಗಡಿಯಾರ ತೆಗೆದ. “ಈಗ ಹೊತ್ತೆಷ್ಟು?”

“ಯಾವ ಹೊತ್ತು?” ಎಂದ ಖಾಸೀಂಸಾಬ. “ತೋಪಿನದು ಹೋತು, ಮದ್ರಾಸಿಂದೂ ಹೋತು. ಹೊಸ ವರ್ಷದಿಂದ ದೇಶಕ್ಕೆಲ್ಲಾ ಒಂದ ಹೊತ್ತು ಮಾಡ್ಯಾರ. ಅದು ಮದ್ರಾಸಿಗಿಂತ ಒಂಬತ್ತು ನಿಮಿಷ ಮುಂದ ಐತಂತ.”

ಚೌಡಪ್ಪ ಗಡಿಯಾರದ ಮುಳ್ಳನ್ನು ಎತ್ತ ತಿರುಗಿಸಬೇಕೆಂದು ತಿಳಿಯದೆ ಹಾಗೇ ಕಿಸೆಗೆ ಹಾಕಿಕೊಂಡ.

ಮೂರನೆಯ ದಿನ ಸಾವಂತ್ರಿಯ ಗಂಟಲಿನ ಪೊರೆ ಬಿಟ್ಟುಕೊಂಡಿತು. ಜನವರಿ 24ರಂದು ಗಂಜಿ ಕುಡಿದಳು. ಫೆಬ್ರವರಿ 3ರಂದು ಮೊದಲ ಸಲ ಸ್ಪಷ್ಟವಾಗಿ ಮಾತಾಡಿ, ಗೊಂಬೆ ಕೊಟ್ಟು ಬರುತ್ತೇನೆ ಎಂದು ಪಕ್ಕದ ಮನೆಗೆ ಹೋದಳು. ಗಂಗಿ ಅಲ್ಲಿರಲಿಲ್ಲ. ಹಿಂದಿನ ಮೇ ತಿಂಗಳಲ್ಲಿ ಮದುವೆಯಾಗಿ ಆದವಾನಿಗೆ ಹೋಗಿದ್ದಳು.